ಹಗುರ ಸ್ಪೋರ್ಟ್ಸ್ ಕಾರಿಗೆ ಹೊಸ ಷಾಕ್ ಅಬ್ಸಾರ್ಬರ್: ಆಯ್ಕೆ ಹೇಗೆ?

ಬ್ಯಾಟರಿ ಸತ್ತರೆ ಕಾರು ಹೊರಡುವುದೇ ಇಲ್ಲ. ಬ್ರೇಕ್ ಪ್ಯಾಡ್ ಸವೆದರೆ ಕರ್ಕಶ ಸದ್ದು ಕೇಳಿಸುತ್ತದೆ. ಷಾಕ್ ಅಬ್ಸಾರ್ಬರ್ ಮಾತ್ರ ಯಾವ ಮುನ್ಸೂಚನೆಯನ್ನೂ ನೀಡದೆ ದಿನಕ್ಕಿಷ್ಟರಂತೆ ಶಕ್ತಿ ಕಳೆದುಕೊಳ್ಳುತ್ತಾ ಹೋಗುತ್ತದೆ. ಚಾಲಕನೂ ಅದಕ್ಕೆ ಅರಿವಿಲ್ಲದೆಯೇ ಹೊಂದಿಕೊಳ್ಳುತ್ತಾನೆ. ಮಳೆ ಬಿದ್ದ ರಸ್ತೆಯ ತಿರುವಿನಲ್ಲಿ ಹಿಂಬದಿಯ ಚಕ್ರ ನೆಲದ ಹಿಡಿತ ಬಿಟ್ಟಾಗಲೇ ಅದರ ಅಭಾವ ಅರಿವಿಗೆ ಬರುತ್ತದೆ. ಹಿಂಬದಿಯ ಚಕ್ರಗಳಿಂದ ಚಲಿಸುವ ಹಗುರ ಸ್ಪೋರ್ಟ್ಸ್ ಕಾರುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಹಳೆಯದನ್ನು ಬದಲಾಯಿಸಬೇಕೆಂದು ನಿರ್ಧರಿಸಿದ ಮೇಲೆ ಎದುರಾಗುವುದು ಆಯ್ಕೆಯ ಸಮಸ್ಯೆ. 'ಹೆಚ್ಚು ಬಿಗಿಯಾದದ್ದೇ ಹೆಚ್ಚು ಸ್ಪೋರ್ಟಿ' ಎಂಬ ನಂಬಿಕೆ ವ್ಯಾಪಕವಾಗಿದೆ. ಅದನ್ನು ನಂಬಿ ದುಬಾರಿ ಸಾಮಗ್ರಿ ಹಾಕಿಸಿದವರು, ಕಾರು ಮೊದಲಿಗಿಂತ ಕೆಟ್ಟದಾಗಿ ಓಡುವುದನ್ನು ಕಂಡು ಪರಿತಪಿಸುವುದೂ ಅಷ್ಟೇ ಸಾಮಾನ್ಯ. ಈ ವಿಷಯವನ್ನು ಅರಿಯಲು ಮಾಜ್ದಾ ಸಂಸ್ಥೆಯ ಎಂಎಕ್ಸ್-5 ಕಾರಿಗಿಂತ ಉತ್ತಮ ಉದಾಹರಣೆ ಸಿಗುವುದು ಕಷ್ಟ.

ಕುದುರೆ ಮತ್ತು ಸವಾರ

1989ರ ಫೆಬ್ರವರಿಯಲ್ಲಿ ಅಮೆರಿಕದ ಷಿಕಾಗೋ ವಾಹನ ಪ್ರದರ್ಶನದಲ್ಲಿ ಅನಾವರಣಗೊಂಡ ಈ ಎರಡು ಆಸನಗಳ ತೆರೆದ ಕಾರು ಅಲ್ಲಿ ಮಿಯಾಟಾ ಎಂದೇ ಪ್ರಸಿದ್ಧ. ತೋಷಿಹಿಕೋ ಹಿರಾಯಿ ಅವರ ನೇತೃತ್ವದ ತಂಡ ಇದನ್ನು ರೂಪಿಸಿತು. ಸವಾರ ಮತ್ತು ಕುದುರೆ ಒಂದೇ ದೇಹವಾಗಿರಬೇಕು ಎಂಬ ಅರ್ಥದ 'ಜಿನ್ಬಾ ಇತ್ತೈ' ಎಂಬ ಜಪಾನಿ ನುಡಿ ಆ ವಿನ್ಯಾಸದ ಮೂಲಮಂತ್ರವಾಗಿತ್ತು. 2016ರಲ್ಲಿ ಇದರ ಒಟ್ಟು ಉತ್ಪಾದನೆ 10 ಲಕ್ಷ ದಾಟಿತು.

ಮೊದಲ ಪೀಳಿಗೆಯ ಕಾರಿನ ತೂಕ ಸುಮಾರು 950 ಕಿಲೋ ಮಾತ್ರ. ಆ ತೂಕ ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗಿದೆ. ನಾಲ್ಕೂ ಚಕ್ರಗಳಿಗೆ ಡಬಲ್ ವಿಷ್‌ಬೋನ್ ಜೋಡಣೆ. ಪ್ರತಿ ಮೂಲೆಯಲ್ಲೂ ಸ್ಪ್ರಿಂಗ್ ಸುರುಳಿಯ ಒಳಗೇ ಷಾಕ್ ಅಬ್ಸಾರ್ಬರ್ ನಿಂತಿದೆ. ಭಾರತದ ಮಾರುಕಟ್ಟೆಗೆ ಈ ಕಾರು ಅಧಿಕೃತವಾಗಿ ಬರಲಿಲ್ಲವಾದರೂ, ಇದರ ವಿಷಯದಲ್ಲಿ ಅನ್ವಯಿಸುವ ತತ್ವ ಯಾವುದೇ ಹಗುರ ಕಾರಿಗೂ ಅನ್ವಯಿಸುತ್ತದೆ.

ಹೆಸರೊಂದು, ಕೆಲಸ ಇನ್ನೊಂದು

ಷಾಕ್ ಅಬ್ಸಾರ್ಬರ್ ಎಂಬ ಹೆಸರೇ ಸ್ವಲ್ಪ ದಾರಿ ತಪ್ಪಿಸುವಂಥದು. ರಸ್ತೆಯ ಹೊಡೆತವನ್ನು ನುಂಗುವುದು ಸ್ಪ್ರಿಂಗ್. ಕಾರಿನ ಭಾರ ಹೊರುವುದೂ ಅದೇ. ನುಂಗಿದ ಶಕ್ತಿಯನ್ನು ಸ್ಪ್ರಿಂಗ್ ಮತ್ತೆ ಹೊರಗೆ ಚಿಮ್ಮಿಸುತ್ತದೆ. ತಡೆಯದಿದ್ದರೆ ಕಾರು ಉಯ್ಯಾಲೆಯಂತೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಆ ಆಟವನ್ನು ನಿಲ್ಲಿಸುವುದು ಷಾಕ್ ಅಬ್ಸಾರ್ಬರ್‌ನ ಹೊಣೆ. ಎಣ್ಣೆ ತುಂಬಿದ ಕೊಳವೆಯೊಳಗೆ ಪಿಸ್ಟನ್ ಚಲಿಸಿದಾಗ, ಸಣ್ಣ ರಂಧ್ರ ಮತ್ತು ಕವಾಟಗಳ ಮೂಲಕ ಎಣ್ಣೆ ನುಸುಳಬೇಕಾಗುತ್ತದೆ. ಚಲನೆಯ ಶಕ್ತಿ ಆ ತಡೆಯಲ್ಲಿ ಶಾಖವಾಗಿ ಮಾರ್ಪಟ್ಟು ಗಾಳಿಗೆ ಸೇರುತ್ತದೆ.

ಚಕ್ರ ಮೇಲೇರಿದಾಗ ಕೊಳವೆ ಕುಗ್ಗುತ್ತದೆ, ಕೆಳಗಿಳಿದಾಗ ಹಿಗ್ಗುತ್ತದೆ. ಹಿಗ್ಗುವ ಚಲನೆಗೆ ರಿಬೌಂಡ್ ಎಂದು ಹೆಸರು. ಸಾಮಾನ್ಯವಾಗಿ ಕುಗ್ಗುವಾಗಿನ ತಡೆಗಿಂತ ರಿಬೌಂಡ್‌ನ ತಡೆಯನ್ನು ಹೆಚ್ಚಾಗಿರಿಸುತ್ತಾರೆ. ಆದರೆ ಇದು ಮಿತಿ ಮೀರಿದರೆ, ಒಂದು ಉಬ್ಬು ದಾಟಿದ ಚಕ್ರ ಕೆಳಗಿಳಿಯುವ ಮೊದಲೇ ಮುಂದಿನ ಉಬ್ಬು ಎದುರಾಗುತ್ತದೆ. ಸಾಲು ಉಬ್ಬುಗಳ ಮೇಲೆ ಕಾರು ಹಂತಹಂತವಾಗಿ ಕುಸಿದು, ಕೊನೆಗೆ ಚಲಿಸಲು ಜಾಗವೇ ಉಳಿಯುವುದಿಲ್ಲ.

ಹಗುರತನದ ಲೆಕ್ಕಾಚಾರ

ಸ್ಪೋರ್ಟ್ಸ್ ಕಾರಿನ ದೇಹ ಸ್ಪ್ರಿಂಗ್‌ಗಳ ಮೇಲೆ ಸೆಕೆಂಡಿಗೆ ಸುಮಾರು ಒಂದೂವರೆ ಬಾರಿ ಏರಿಳಿಯುವಂತೆ ರೂಪಿಸಲಾಗಿದೆ ಎಂದುಕೊಳ್ಳೋಣ. ಒಂದು ಮೂಲೆಯಲ್ಲಿ 220 ಕಿಲೋ ಭಾರವಿದ್ದರೆ, ಚಕ್ರದ ಬಳಿ ಪ್ರತಿ ಮಿಲಿಮೀಟರಿಗೆ ಸುಮಾರು 19.5 ನ್ಯೂಟನ್ ಬಿಗುವಿನ ಸ್ಪ್ರಿಂಗ್ ಸಾಕು. ಅದೇ ಮೂಲೆಯಲ್ಲಿ 330 ಕಿಲೋ ಹೊರುವ ಸೆಡಾನ್ ಕಾರಿಗೆ ಸುಮಾರು 29 ನ್ಯೂಟನ್ ಬೇಕು. ಬೇಕಾಗುವ ಷಾಕ್ ಅಬ್ಸಾರ್ಬರ್ ತಡೆಯೂ ಇದೇ ಪ್ರಮಾಣದಲ್ಲಿ ವ್ಯತ್ಯಾಸವಾಗುತ್ತದೆ. ಆದ್ದರಿಂದ ಭಾರದ ಕಾರಿಗೆಂದು ತಯಾರಾದ ಕವಾಟಗಳನ್ನು ಹಗುರ ಕಾರಿನಲ್ಲಿ ಬಳಸಿದರೆ ತಡೆ ಅತಿಯಾಗಿ, ಚಕ್ರ ರಸ್ತೆಯನ್ನು ಅನುಸರಿಸದೆ ಅದರ ಮೇಲೆ ಪುಟಿಯತೊಡಗುತ್ತದೆ. ಪುಟಿಯುವ ಟೈರಿಗೆ ಬ್ರೇಕ್ ಹಾಕುವ ಶಕ್ತಿಯೂ ಇಲ್ಲ, ತಿರುಗುವ ಶಕ್ತಿಯೂ ಇಲ್ಲ.

ಮತ್ತೊಂದು ಅಂಶವೂ ಗಮನಾರ್ಹ. ಚಕ್ರ, ಟೈರ್, ಬ್ರೇಕ್ ಮೊದಲಾದ ಭಾಗಗಳು ಸ್ಪ್ರಿಂಗ್‌ನ ಕೆಳಗಿರುವ ಭಾರ. ಹಗುರ ಕಾರಿನಲ್ಲಿ ಒಟ್ಟು ತೂಕಕ್ಕೆ ಹೋಲಿಸಿದರೆ ಈ ಭಾರದ ಪಾಲು ದೊಡ್ಡದು. ಹೀಗಾಗಿ ಚಕ್ರಕ್ಕೆ ಬಿದ್ದ ಪ್ರತಿ ಏಟೂ ದೇಹವನ್ನು ಹೆಚ್ಚು ಕದಲಿಸುತ್ತದೆ. ಜೊತೆಗೆ ತಲಾ 75 ಕಿಲೋ ತೂಗುವ ಇಬ್ಬರು ಕುಳಿತರೆ ಕಾರಿನ ತೂಕ ಒಮ್ಮೆಲೇ ಶೇ 16ರಷ್ಟು ಏರುತ್ತದೆ. ಒಬ್ಬನೇ ಇದ್ದಾಗಲೂ ಇಬ್ಬರಿದ್ದಾಗಲೂ ಕಾರು ಹದವಾಗಿ ನಡೆಯಬೇಕಾದರೆ ಷಾಕ್ ಅಬ್ಸಾರ್ಬರ್‌ನ ಆಯ್ಕೆಯಲ್ಲಿ ಅತಿರೇಕ ಸಲ್ಲದು.

ಸವೆದಿದೆಯೆಂದು ತಿಳಿಯುವುದು ಹೇಗೆ?

ಕಾರಿನ ಮೂಲೆಯನ್ನು ಕೈಯಿಂದ ಒತ್ತಿ ಬಿಟ್ಟು, ಅದು ಎಷ್ಟು ಬಾರಿ ಆಡುತ್ತದೆಂದು ನೋಡುವುದು ಮೆಕ್ಯಾನಿಕ್‌ಗಳ ಹಳೆಯ ಪದ್ಧತಿ. ಆದರೆ ಈ ಪರೀಕ್ಷೆಯಲ್ಲಿ ಪತ್ತೆಯಾಗುವುದು ಪೂರ್ತಿ ಸತ್ತ ಷಾಕ್ ಅಬ್ಸಾರ್ಬರ್ ಮಾತ್ರ. ಅರ್ಧ ಶಕ್ತಿ ಕಳೆದುಕೊಂಡದ್ದು ಪಾರಾಗಿಬಿಡುತ್ತದೆ. ಇದಕ್ಕಿಂತ ನಂಬಲರ್ಹವಾದ ಲಕ್ಷಣಗಳಿವೆ.

ಕೊಳವೆಯ ಮೇಲೆ ತೆಳುವಾದ ಎಣ್ಣೆಯ ಮಬ್ಬು ಇರುವುದು ಸಹಜ. ಎಣ್ಣೆ ಒಸರಿ ಇಳಿಯುತ್ತಿದ್ದರೆ ಸೀಲ್ ಹೋಗಿದೆ ಎಂದೇ ಅರ್ಥ. ಟೈರಿನ ಮೇಲ್ಮೈ ಅಲ್ಲಲ್ಲಿ ಬಟ್ಟಲಿನಂತೆ ಗುಳಿಬಿದ್ದು ಸವೆದಿದ್ದರೆ ಚಕ್ರ ಪುಟಿಯುತ್ತಿರುವುದಕ್ಕೆ ಅದು ಸಾಕ್ಷಿ. ಬ್ರೇಕ್ ಹಾಕಿದಾಗ ಮೂತಿ ತಟಕ್ಕನೆ ಕೆಳಗಿಳಿಯುವುದು, ಸೇತುವೆಯ ಸಂದಿ ದಾಟಿದ ಮೇಲೂ ಕಾರು ತೂಗಾಡುವುದು, ಒರಟು ತಿರುವಿನಲ್ಲಿ ಹಿಂಭಾಗ ಪಕ್ಕಕ್ಕೆ ಜರುಗುವುದು ಇವೆಲ್ಲ ಉಳಿದ ಸೂಚನೆಗಳು.

ಒಂದು ಕೊಳವೆ, ಎರಡು ಕೊಳವೆ

ಮಾರುಕಟ್ಟೆಯಲ್ಲಿ ದೊರೆಯುವ ಷಾಕ್ ಅಬ್ಸಾರ್ಬರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಟ್ವಿನ್‌ಟ್ಯೂಬ್ ಬಗೆಯಲ್ಲಿ ಕೊಳವೆಯೊಳಗೊಂದು ಕೊಳವೆಯಿದ್ದು, ಹೊರಗಿನದು ಎಣ್ಣೆಯ ಉಗ್ರಾಣವಾಗಿರುತ್ತದೆ. ಇದರಲ್ಲಿ ಅನಿಲ ತುಂಬಿದ್ದರೂ ಒತ್ತಡ ಕಡಿಮೆ. ಅಗ್ಗದ ಬೆಲೆ, ಮೃದುವಾದ ನಡಿಗೆ ಇದರ ಅನುಕೂಲಗಳು. ಸತತವಾಗಿ ವೇಗದಲ್ಲಿ ಓಡಿಸಿದಾಗ ಎಣ್ಣೆ ಕಾದು, ಅನಿಲದೊಂದಿಗೆ ಬೆರೆತು ನೊರೆಯಾಗಿ ತಡೆ ಕುಂದುವುದು ಇದರ ದೌರ್ಬಲ್ಯ.

ಮಾನೊಟ್ಯೂಬ್ ಬಗೆಯಲ್ಲಿ ಕೊಳವೆ ಒಂದೇ. ತೇಲುವ ಪಿಸ್ಟನ್ನೊಂದು ಎಣ್ಣೆಯನ್ನೂ ಅಧಿಕ ಒತ್ತಡದ ಅನಿಲವನ್ನೂ ಬೇರ್ಪಡಿಸುತ್ತದೆ. ಆದ್ದರಿಂದ ನೊರೆಯಾಗದು, ಶಾಖವೂ ಬೇಗ ಹೊರಹೋಗುತ್ತದೆ. ಫ್ರೆಂಚ್ ತಂತ್ರಜ್ಞ ಕ್ರಿಶ್ಚಿಯನ್ ಬೂರ್ಸಿಯೆ ದ ಕಾರ್ಬನ್ ಅವರ ಈ ಪರಿಕಲ್ಪನೆಯನ್ನು ಜರ್ಮನಿಯ ಬಿಲ್‌ಸ್ಟೈನ್ ಸಂಸ್ಥೆ 1957ರಲ್ಲಿ ಮರ್ಸಿಡಿಸ್-ಬೆಂಜ್ ಕಾರುಗಳಿಗೆ ಅಳವಡಿಸಿ ಸಾಮೂಹಿಕ ಉತ್ಪಾದನೆಗೆ ತಂದಿತು.

ಹಗುರ ಕಾರಿನವರು ಇಲ್ಲೊಂದು ಸೂಕ್ಷ್ಮವನ್ನು ಅರಿಯಬೇಕು. 14 ಮಿಲಿಮೀಟರ್ ದಪ್ಪದ ದಂಡದ ಮೇಲೆ 20 ಬಾರ್ ಒತ್ತಡವಿದ್ದರೆ ಅದನ್ನು ಹೊರದೂಡುವ ಬಲ ಸುಮಾರು 300 ನ್ಯೂಟನ್, ಅಂದರೆ 30 ಕಿಲೋ ಭಾರಕ್ಕೆ ಸಮ. ಭಾರೀ ಕಾರಿಗೆ ಇದು ಲೆಕ್ಕಕ್ಕಿಲ್ಲ. ಮೂಲೆಗೆ ಇನ್ನೂರ ಚಿಲ್ಲರೆ ಕಿಲೋ ತೂಗುವ ಕಾರು ಮಾತ್ರ ಇದರಿಂದಲೇ ಕೆಲವು ಮಿಲಿಮೀಟರ್ ಮೇಲೇಳುತ್ತದೆ. ಹೊಸದನ್ನು ಹಾಕಿಸಿದ ಮೇಲೆ ಕಾರು ಎತ್ತರವಾಯಿತೆಂದು ಗಾಬರಿಪಡುವ ಅಗತ್ಯವಿಲ್ಲ.

ಮಾರುಕಟ್ಟೆಯ ಮೂರು ದಾರಿಗಳು

ಮೊದಲನೆಯದು, ಕಾರ್ಖಾನೆಯ ಗುಣಕ್ಕೆ ಸಮನಾದ ಬದಲಿ. ಜಪಾನಿನ ಕೆವೈಬಿ ಸಂಸ್ಥೆಯ ಎಕ್ಸೆಲ್-ಜಿ ಈ ವರ್ಗದ್ದು. ಮೂಲ ಸ್ಪ್ರಿಂಗ್ ಉಳಿಸಿಕೊಂಡು, ನಗರ ಮತ್ತು ಹೆದ್ದಾರಿಯಲ್ಲಿ ಓಡಾಡುವವರಿಗೆ ಇದು ಸಾಕು. ದಣಿದ ಷಾಕ್ ಅಬ್ಸಾರ್ಬರ್ ತೆಗೆದು ಇದನ್ನು ಹಾಕಿದವರಿಗೆ ಕಾರು ಹೊಸದಾದಂತೆ ತೋರುತ್ತದೆ. ಎಷ್ಟೋ ಮಂದಿಗೆ ಬೇಕಾಗಿದ್ದದ್ದೂ ಅಷ್ಟೇ ಆಗಿರುತ್ತದೆ.

ಎರಡನೆಯದು, ಸ್ಥಿರ ಕವಾಟದ ಮಾನೊಟ್ಯೂಬ್. 1994ರಲ್ಲಿ ಮಾಜ್ದಾ ಸಂಸ್ಥೆಯೇ ಅಮೆರಿಕದಲ್ಲಿ ಆರ್ ಪ್ಯಾಕೇಜ್ ಎಂಬ ಆವೃತ್ತಿಗೆ ಬಿಲ್‌ಸ್ಟೈನ್ ಷಾಕ್ ಅಬ್ಸಾರ್ಬರ್ ಅಳವಡಿಸಿತ್ತು. ಬಿಲ್‌ಸ್ಟೈನ್‌ನ ಬಿ6 ಶ್ರೇಣಿ ಮೂಲ ಎತ್ತರದ ಸ್ಪ್ರಿಂಗ್‌ಗೂ, ಗಿಡ್ಡನೆಯ ಬಿ8 ಶ್ರೇಣಿ ತಗ್ಗಿಸಿದ ಸ್ಪ್ರಿಂಗ್‌ಗೂ ಮೀಸಲು. ಈ ಎರಡನ್ನು ಅದಲುಬದಲು ಮಾಡಿದರೆ ಹಣವೂ ನಷ್ಟ, ಕಾರಿನ ನಡೆಯೂ ಹಾಳು.

ಮೂರನೆಯದು, ಹೊಂದಿಸಬಹುದಾದ ಬಗೆ. ನೆದರ್ಲೆಂಡ್ಸ್‌ನ ಕೋನಿ ಸಂಸ್ಥೆಯ ಹಳದಿ ಬಣ್ಣದ ಸ್ಪೋರ್ಟ್ ಶ್ರೇಣಿಯಲ್ಲಿ ರಿಬೌಂಡ್ ತಡೆಯನ್ನು ಮಾತ್ರ ಹೆಚ್ಚು ಕಡಿಮೆ ಮಾಡಬಹುದು. ಸ್ಪ್ರಿಂಗ್ ಬದಲಾಯಿಸುವ ಇರಾದೆಯುಳ್ಳವರಿಗೆ ಇದು ಅನುಕೂಲ. ಅತಿ ಮೃದುವಾದ ಹಂತದಿಂದ ಆರಂಭಿಸಿ, ಪರಿಚಿತ ರಸ್ತೆಯಲ್ಲಿ ಓಡಿಸುತ್ತಾ, ದೇಹದ ತೂಗಾಟ ನಿಂತ ಕೂಡಲೇ ಬಿಗಿಗೊಳಿಸುವುದನ್ನು ನಿಲ್ಲಿಸಬೇಕು. ಒಂದೇ ಅಚ್ಚಿನ ಎಡ ಬಲ ಬದಿಗಳನ್ನು ಸಮನಾಗಿಯೇ ಇರಿಸಬೇಕು.

ಇವಲ್ಲದೆ ಎತ್ತರವನ್ನೂ ಬದಲಾಯಿಸಬಹುದಾದ ಕಾಯ್ಲ್‌ಓವರ್ ಸೆಟ್‌ಗಳಿವೆ. ಉತ್ತಮ ದರ್ಜೆಯವು ರೇಸ್ ಟ್ರ್ಯಾಕ್‌ಗೆ ಹೋಗುವವರಿಗೆ ಯೋಗ್ಯ. ಅತ್ಯಂತ ಅಗ್ಗದ ಸೆಟ್‌ಗಳಲ್ಲಿ ಅತಿ ಬಿಗಿಯಾದ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದದ ಕವಾಟ ಇರುವ ಸಾಧ್ಯತೆ ಹೆಚ್ಚು. ಅಂಥದ್ದಕ್ಕಿಂತ ಒಳ್ಳೆಯ ಸಾಮಾನ್ಯ ಷಾಕ್ ಅಬ್ಸಾರ್ಬರ್ ಮೇಲು.

ಸ್ಪ್ರಿಂಗ್ ಬದಲಾದರೆ

ಸ್ಪ್ರಿಂಗ್ ಬಿಗುವು ಹೆಚ್ಚಿದಷ್ಟೂ ಷಾಕ್ ಅಬ್ಸಾರ್ಬರ್ ತಡೆಯೂ ಹೆಚ್ಚಬೇಕು, ಆದರೆ ಅದೇ ಪ್ರಮಾಣದಲ್ಲಲ್ಲ. ತಡೆ ಹೆಚ್ಚುವುದು ಬಿಗುವಿನ ವರ್ಗಮೂಲದ ಪ್ರಕಾರ. ಸ್ಪ್ರಿಂಗ್ ಶೇ 44ರಷ್ಟು ಬಿಗಿಯಾದರೆ ತಡೆ ಶೇ 20ರಷ್ಟು ಹೆಚ್ಚಿದರೆ ಸಾಕು. ಸ್ಪ್ರಿಂಗ್ ದುಪ್ಪಟ್ಟಾದರೂ ತಡೆ ಶೇ 41ರಷ್ಟು ಹೆಚ್ಚಿದರೆ ಸರಿಯಾಗುತ್ತದೆ.

ಕಾರನ್ನು ತಗ್ಗಿಸುವವರು ಬಂಪ್ ಸ್ಟಾಪ್ ಎಂಬ ಪುಟ್ಟ ಭಾಗವನ್ನು ಮರೆಯಬಾರದು. ಚಕ್ರ ಮಿತಿ ಮೀರಿ ಮೇಲೇರಿದಾಗ ಲೋಹಕ್ಕೆ ಲೋಹ ಬಡಿಯದಂತೆ ತಡೆಯುವುದು ಈ ಮೆತ್ತೆ. ಮೊದಲ ಪೀಳಿಗೆಯ ಎಂಎಕ್ಸ್-5ನಲ್ಲಿ ಚಕ್ರ ಮೇಲೇರಲು ಇರುವ ಜಾಗವೇ ಕಡಿಮೆ. ಕಾರು ಇನ್ನಷ್ಟು ತಗ್ಗಿದರೆ ಅದು ಹೆಚ್ಚಿನ ಸಮಯ ಬಂಪ್ ಸ್ಟಾಪ್ ಮೇಲೆಯೇ ಕುಳಿತು ಓಡುತ್ತದೆ. ಆಗ ತಿರುವಿನ ನಡುವೆ ಬಿಗುವು ಏಕಾಏಕಿ ಏರಿ ಆ ಚಕ್ರ ಜಾರುತ್ತದೆ. 1998ರಲ್ಲಿ ಮಾರಾಟಕ್ಕೆ ಬಂದ ಎರಡನೆಯ ಪೀಳಿಗೆಯಲ್ಲಿ ಮೇಲಿನ ಮೌಂಟ್ ವಿನ್ಯಾಸ ಬದಲಾಗಿ ಈ ಜಾಗ ಹೆಚ್ಚಿತು. ಹಳೆಯ ಕಾರಿನವರು ಆ ಮೌಂಟ್‌ಗಳನ್ನು ತಂದು ಹಾಕಿಸುವ ಪರಿಪಾಠ ಬೆಳೆದದ್ದು ಇದರಿಂದಲೇ. ಸವೆದ ಬಂಪ್ ಸ್ಟಾಪನ್ನು ಹಾಗೆಯೇ ಬಿಟ್ಟು ಹೊಸ ಷಾಕ್ ಅಬ್ಸಾರ್ಬರ್ ಹಾಕಿಸುವುದು ಹಣ ಹಾಳು ಮಾಡಿದಂತೆ.

ಜೋಡಣೆಯಲ್ಲಿ ಎಚ್ಚರ

ಷಾಕ್ ಅಬ್ಸಾರ್ಬರ್‌ಗಳನ್ನು ಜೋಡಿಯಾಗಿಯೇ ಬದಲಾಯಿಸಬೇಕು. ನಾಲ್ಕನ್ನೂ ಒಟ್ಟಿಗೆ ಬದಲಾಯಿಸುವುದು ಇನ್ನೂ ಉತ್ತಮ. ಮುಂದೆ ಹೊಸದು, ಹಿಂದೆ ಹಳೆಯದು ಇದ್ದರೆ ಕಾರಿನ ಸಮತೋಲ ಕೆಡುತ್ತದೆ. ಒತ್ತಿ ಹಿಡಿದ ಸ್ಪ್ರಿಂಗ್‌ನಲ್ಲಿ ಅಡಗಿರುವ ಶಕ್ತಿ ಪ್ರಾಣಾಂತಿಕ. ಮೇಲಿನ ನಟ್ಟನ್ನು ಕಂಪ್ರೆಸರ್ ಇಲ್ಲದೆ ಬಿಚ್ಚುವ ಸಾಹಸ ಸಲ್ಲದು. ಅನುಭವವಿಲ್ಲದವರು ಈ ಕೆಲಸವನ್ನು ಗ್ಯಾರೇಜಿಗೆ ಒಪ್ಪಿಸುವುದೇ ಲೇಸು.

ರಬ್ಬರ್ ಬುಷ್‌ಗಳ ಬೋಲ್ಟ್‌ಗಳನ್ನು ಕಾರು ಜ್ಯಾಕ್ ಮೇಲೆ ನೇತಾಡುತ್ತಿರುವಾಗ ಪೂರ್ತಿ ಬಿಗಿಗೊಳಿಸಿದರೆ, ಕೆಳಗಿಳಿಸಿದೊಡನೆ ರಬ್ಬರ್ ತಿರುಚಿಕೊಂಡು ಬೇಗನೆ ಹರಿಯುತ್ತದೆ. ಚಕ್ರಗಳ ಮೇಲೆ ಕಾರಿನ ಭಾರ ಬಿದ್ದ ಮೇಲಷ್ಟೇ ಕೊನೆಯ ಬಿಗಿತ ನೀಡಬೇಕು. ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಹಗುರ ಕಾರಿನಲ್ಲಿ ಚಾಲಕನ ತೂಕವೂ ಚಕ್ರದ ಕೋನವನ್ನು ಬದಲಿಸುವುದರಿಂದ, ಆಸನದ ಮೇಲೆ ಅಷ್ಟು ಭಾರವಿಟ್ಟೇ ಅಳೆಯುವುದು ಒಳ್ಳೆಯದು.

ಕೊನೆಗೆ ಆಯ್ಕೆ

ಹಣ ತೆರುವ ಮೊದಲು ಮಾಲೀಕ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರೇ. ಕಾರು ಹೆಚ್ಚಾಗಿ ಓಡುವುದು ಯಾವ ರಸ್ತೆಯಲ್ಲಿ? ಸ್ಪ್ರಿಂಗ್ ಮೂಲದ್ದೇ ಉಳಿಯುತ್ತದೆಯೇ? ಬುಷ್, ಮೌಂಟ್, ಟೈರ್ ಸುಸ್ಥಿತಿಯಲ್ಲಿವೆಯೇ? ದಿನನಿತ್ಯದ ಓಡಾಟಕ್ಕೆ ಮೂಲ ಗುಣದ ಬದಲಿ, ಘಟ್ಟದ ತಿರುವುಗಳಲ್ಲಿ ಉತ್ಸಾಹದಿಂದ ಓಡಿಸುವವರಿಗೆ ಮಾನೊಟ್ಯೂಬ್, ಸ್ಪ್ರಿಂಗ್ ಬದಲಿಸಿ ಪ್ರಯೋಗ ಮಾಡುವವರಿಗೆ ಹೊಂದಿಸಬಹುದಾದ ಬಗೆ ಎಂಬುದು ಸರಳ ಸೂತ್ರ. ಕಾರಿನ ತಯಾರಿಕೆಯ ವರ್ಷಕ್ಕೆ ತಕ್ಕ ಪಾರ್ಟ್ ನಂಬರ್ ಪರಿಶೀಲಿಸುವುದನ್ನು ಮಾತ್ರ ಯಾರೂ ಬಿಡಬಾರದು.

ಮಾಜ್ದಾ ಸಂಸ್ಥೆ 2017ರಲ್ಲಿ ಜಪಾನಿನಲ್ಲಿ ಮೊದಲ ಪೀಳಿಗೆಯ ಕಾರುಗಳ ಪುನಶ್ಚೇತನ ಯೋಜನೆ ಪ್ರಕಟಿಸಿದಾಗ, ಆ ಕಾಲದ ಅಳತೆಯ ಟೈರುಗಳನ್ನೂ ಮತ್ತೆ ತಯಾರಿಸುವ ವ್ಯವಸ್ಥೆಯಾಯಿತು. 185 ಮಿಲಿಮೀಟರ್ ಅಗಲದ, 14 ಅಂಗುಲದ ಆ ಸಾಧಾರಣ ಟೈರುಗಳೇ ಕಾರಿನ ಮೂಲ ಸ್ವಭಾವಕ್ಕೆ ಸಾಕಾಗಿದ್ದವು. ಹಗುರ ಕಾರಿನ ಬಲವಿರುವುದು ಅದರ ಹಗುರತನದಲ್ಲಿಯೇ. ನಾಲ್ಕು ಚಕ್ರಗಳನ್ನೂ ಸದಾ ನೆಲಕ್ಕೆ ಅಂಟಿಸಿಟ್ಟು ಆ ಗುಣ ಕೆಡದಂತೆ ಕಾಯುವ ಷಾಕ್ ಅಬ್ಸಾರ್ಬರ್, ಬೆಲೆ ಎಷ್ಟೇ ಇರಲಿ, ಆ ಕಾರಿಗೆ ತಕ್ಕದ್ದು.