ಕೊಳಗದಿಂದ ಕಾನೂನಿನವರೆಗೆ

ಒಬ್ಬ ಶಾಸಕರ ಸಾಧನೆಯನ್ನು ಅಳೆಯುವುದು ಹೇಗೆ? ಗೆದ್ದ ಚುನಾವಣೆಗಳಿಂದಲೇ, ಪಡೆದ ಮಂತ್ರಿ ಪದವಿಯಿಂದಲೇ? ಶಾಂತವೇರಿ ಗೋಪಾಲಗೌಡರ ವಿಷಯದಲ್ಲಿ ಈ ಅಳತೆಗಳು ಸಾಲವು.

ಗೌಡರು ಹುಟ್ಟಿದ್ದು 1923ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ನಂಬಿದ್ದು ಸಮಾಜವಾದವನ್ನು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಅವರ ಬೆನ್ನಿಗೆ ನಿಂತರು. ವಿವಾದದ ಮೂಲ, ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರ. ಕೊಳಗ ದೊಡ್ಡದಾದಷ್ಟೂ ಉತ್ತವನ ಪಾಲು ಕಿರಿದು. ಲೆಕ್ಕ ಅಷ್ಟು ಸರಳ. ರಾಮಮನೋಹರ ಲೋಹಿಯಾ ಅವರೂ ಅಲ್ಲಿಗೆ ಬಂದು ಬಂಧನಕ್ಕೊಳಗಾದರು.

1952ರ ಚುನಾವಣೆಯಲ್ಲಿ ಗೌಡರು ವಿಧಾನಸಭೆ ಪ್ರವೇಶಿಸಿದರು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ಮತ್ತೆ ಗೆದ್ದರು. ಕುಳಿತದ್ದು ವಿರೋಧ ಪಕ್ಷದ ಸಾಲಿನಲ್ಲೇ. ಉಳುವವನಿಗೆ ಭೂಮಿ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು, ಈ ಎರಡಕ್ಕಾಗಿ ಪಟ್ಟು ಹಿಡಿದು ವಾದಿಸಿದರು. ಎರಡೂ ಕೈಗೂಡುವ ಮೊದಲೇ, 1972ರ ಜೂನ್‌ನಲ್ಲಿ, ನಿಧನರಾದರು.

1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರರು ಭೂಮಿಯ ಒಡೆತನ ಕೇಳುವ ಹಕ್ಕು ಪಡೆದರು. ಈ ಶ್ರೇಯಸ್ಸು ಒಬ್ಬರದಲ್ಲ, ನಿಜ. ಆದರೆ ಕಾನೂನಿಗೆ ಸಹಿ ಬೀಳುವ ಮುನ್ನ ಅದರ ಅಗತ್ಯವನ್ನು ಯಾರಾದರೂ ವರ್ಷಗಟ್ಟಲೆ ಹೇಳುತ್ತಿರಬೇಕಾಗುತ್ತದೆ. ವಿಧಾನಸಭೆಯ ಕಲಾಪ ನೋಡುವಾಗ ನೀವು ವಿರೋಧ ಪಕ್ಷದ ಸಾಲಿನತ್ತಲೂ ಗಮನವಿಡಿ.