ಐಕಾನ್ ಥೀಮ್: ಹೆಸರು ಎಲ್ಲರದ್ದು, ಚಿತ್ರ ಯಾರದ್ದು?

ನಿಮ್ಮ ಲಿನಕ್ಸ್ ಕಂಪ್ಯೂಟರಿನ 'ಉಳಿಸು' ಬಟನ್ ಮೇಲೆ ಯಾವ ಚಿತ್ರ ಇರಬೇಕು ಅಂತ ತೀರ್ಮಾನ ಮಾಡೋದು ಯಾರು? ಆ್ಯಪ್ ಬರೆದವರಾ, ಡೆಸ್ಕ್‌ಟಾಪ್ ಕಟ್ಟಿದವರಾ, ಅದನ್ನು ಹಂಚುವ ಡಿಸ್ಟ್ರೋದವರಾ, ಅಥವಾ ದಿನವೂ ಅದನ್ನು ನೋಡುತ್ತಾ ಕೂರುವ ನೀವಾ? ಮೇಲ್ನೋಟಕ್ಕೆ ಇದು ಬರೀ ಅಲಂಕಾರದ ಪ್ರಶ್ನೆ. ಒಳಗೆ ಇಳಿದರೆ ಮಾತ್ರ ಇದು ಅಧಿಕಾರ ಹಂಚಿಕೆಯ ಪ್ರಶ್ನೆ. ಮುಕ್ತ ತಂತ್ರಾಂಶದ ಜಗತ್ತು ಇದಕ್ಕೆ ಕೊಟ್ಟ ಉತ್ತರದ ಹೆಸರು 'ಐಕಾನ್ ಥೀಮ್'.

ಜಿಟಿಕೆ ಬಳಸಿ ಆ್ಯಪ್ ಬರೆಯೋದು ನನ್ನ ಕೆಲಸ. ಕಿಟಕಿ, ಬಟನ್, ಮೆನುಗಳನ್ನು ಕಟ್ಟಲು ಬೇಕಾದ ಸಿದ್ಧ ಸಾಮಗ್ರಿಗಳ ಪೆಟ್ಟಿಗೆ ಈ ಜಿಟಿಕೆ. ಗ್ನೋಮ್ ಡೆಸ್ಕ್‌ಟಾಪ್ ನಿಂತಿರೋದು ಇದರ ಮೇಲೆ. ಐಕಾನ್ ಥೀಮ್ ಹೇಗೆ ಕೆಲಸ ಮಾಡುತ್ತೆ, ಎಲ್ಲಿ ಎಡವುತ್ತೆ, ಇದರಲ್ಲಿ ಕನ್ನಡದವರಿಗೆ ಏನಿದೆ ಅನ್ನೋದನ್ನು ಒಂದೇ ಕಡೆ ಇಡುವ ಪ್ರಯತ್ನ ಇದು.

ಹೆಸರು ಚಿತ್ರಕ್ಕಲ್ಲ, ಕೆಲಸಕ್ಕೆ

ಮೂಲ ಉಪಾಯ ಸರಳ. ಆ್ಯಪ್ ಬರೆಯುವವರು 'ಈ ಚಿತ್ರದ ಫೈಲ್ ತೋರಿಸು' ಅನ್ನೋದಿಲ್ಲ. 'ಡಾಕ್ಯುಮೆಂಟ್-ಸೇವ್ ಅನ್ನೋ ಐಕಾನ್ ಕೊಡು' ಅಂತಾರೆ. ಹೆಸರಿನಲ್ಲಿ ಫ್ಲಾಪಿ ಅನ್ನೋ ಪದವೇ ಇಲ್ಲ, ಗಮನಿಸಿ. ಫ್ಲಾಪಿಯನ್ನು ಕಣ್ಣಲ್ಲೂ ನೋಡದ ತಲೆಮಾರು ಬಂದಿದೆ. ನಾಳೆ ಆ ಚಿತ್ರ ಬದಲಾದರೂ ಆ್ಯಪಿನ ಒಂದು ಸಾಲೂ ಬದಲಾಗಬೇಕಿಲ್ಲ. ಹೆಸರು ಕೆಲಸಕ್ಕೆ ಅಂಟಿದೆ, ಚಿತ್ರಕ್ಕಲ್ಲ.

ಈ ಹೆಸರುಗಳನ್ನು ಒಂದು ಕಂಪನಿ ಇಟ್ಟದ್ದಲ್ಲ. ಬೇರೆ ಬೇರೆ ಡೆಸ್ಕ್‌ಟಾಪ್ ಯೋಜನೆಗಳು ಕೂತು ಮಾತಾಡಲು ಇರುವ ಫ್ರೀಡೆಸ್ಕ್‌ಟಾಪ್ ಎಂಬ ವೇದಿಕೆಯಲ್ಲಿ ಎರಡು ಒಪ್ಪಂದಗಳಾದವು. ಐಕಾನ್ ಫೈಲ್‌ಗಳು ಎಲ್ಲಿರಬೇಕು, ಹೇಗೆ ಹುಡುಕಬೇಕು ಅನ್ನೋದು ಒಂದು. ಯಾವ ಕೆಲಸಕ್ಕೆ ಯಾವ ಹೆಸರು ಅನ್ನೋದು ಇನ್ನೊಂದು. 2005ರಲ್ಲಿ ಶುರುವಾದ ಟ್ಯಾಂಗೋ ಯೋಜನೆ ಈ ಹೆಸರುಗಳ ಪಟ್ಟಿಗೆ ಬಲ ಕೊಟ್ಟಿತು. ಜಿಟಿಕೆಗೆ ಥೀಮ್ ಓದುವ ಶಕ್ತಿ ಬಂದದ್ದು 2004ರ 2.4 ಆವೃತ್ತಿಯಲ್ಲಿ. ಅದಕ್ಕೂ ಮೊದಲಿನ 'ಸ್ಟಾಕ್' ಪದ್ಧತಿಯಲ್ಲಿ ಚಿತ್ರ ಮತ್ತು ಪದ ಒಂದೇ ಕಟ್ಟಿನಲ್ಲಿ ಬರುತ್ತಿದ್ದವು. 2020ರ ಕೊನೆಯಲ್ಲಿ ಬಂದ ಜಿಟಿಕೆ 4ರಲ್ಲಿ ಆ ಪದ್ಧತಿ ಇಲ್ಲವೇ ಇಲ್ಲ.

ಹುಡುಕಾಟ ನಡೆಯುವ ದಾರಿ

ಥೀಮ್ ಅಂದರೆ ಒಂದು ಫೋಲ್ಡರ್. ಅದರೊಳಗೆ 'ಇಂಡೆಕ್ಸ್.ಥೀಮ್' ಅನ್ನೋ ಪಠ್ಯ ಫೈಲ್. ಥೀಮಿನ ಹೆಸರು, ಯಾವ ಒಳಫೋಲ್ಡರಿನಲ್ಲಿ ಯಾವ ಅಳತೆಯ ಚಿತ್ರಗಳಿವೆ, ಇಲ್ಲಿ ಸಿಗದಿದ್ದರೆ ಯಾವ ಥೀಮಿನ ಬಾಗಿಲು ತಟ್ಟಬೇಕು, ಎಲ್ಲವೂ ಅದರಲ್ಲಿದೆ. ಚಿತ್ರಗಳು ಸಾಮಾನ್ಯವಾಗಿ ಪಿಎನ್‌ಜಿ ಅಥವಾ ಎಸ್‌ವಿಜಿ ರೂಪದಲ್ಲಿರುತ್ತವೆ.

ಹುಡುಕುವ ಕ್ರಮ ಹೀಗಿದೆ:

1. ಬಳಕೆದಾರರು ಆರಿಸಿದ ಥೀಮಿನಲ್ಲಿ ಕೇಳಿದ ಅಳತೆಯ ಚಿತ್ರ ಇದೆಯಾ ಅಂತ ನೋಡುತ್ತೆ.
2. ಇಲ್ಲದಿದ್ದರೆ ಅದೇ ಥೀಮಿನಲ್ಲಿ ಹತ್ತಿರದ ಅಳತೆಯದ್ದನ್ನು ಎತ್ತಿಕೊಳ್ಳುತ್ತೆ.
3. ಅಲ್ಲೂ ಇಲ್ಲ ಅಂದರೆ ಆ ಥೀಮ್ ಹೇಳಿದ 'ತಾಯಿ' ಥೀಮುಗಳಿಗೆ ಹೋಗುತ್ತೆ.
4. ಕೊನೆಗೆ 'ಹೈಕಲರ್'. ಇದು ಎಲ್ಲರಿಗೂ ಇರುವ ಸಾಮಾನ್ಯ ಆಸರೆ.
5. ಎಲ್ಲೂ ಸಿಗದಿದ್ದರೆ ಜಿಟಿಕೆ 4 'ಚಿತ್ರ ಕಾಣೆಯಾಗಿದೆ' ಅನ್ನೋ ಗುರುತನ್ನು ಕೊಡುತ್ತೆ. ಖಾಲಿ ಉತ್ತರ ಬರೋದಿಲ್ಲ. ಹಾಗಾಗಿ ಐಕಾನ್ ನಿಜಕ್ಕೂ ಇದೆಯಾ ಅಂತ ಬೇಕಿದ್ದರೆ ಮೊದಲೇ ಕೇಳಿ ತಿಳಿಯಬೇಕು.

ಎರಡನೇ ಹೆಜ್ಜೆ ನೋಡಿ. ತಾಯಿ ಥೀಮಿನಲ್ಲಿ ಸರಿಯಾದ ಅಳತೆಯದ್ದು ಇದ್ದರೂ, ಆರಿಸಿದ ಥೀಮಿನ ಬೇರೆ ಅಳತೆಯದ್ದೇ ಗೆಲ್ಲುತ್ತೆ. ಬಳಕೆದಾರರ ಆಯ್ಕೆಗೆ ಮೊದಲ ಮರ್ಯಾದೆ ಅನ್ನೋ ನಿಲುವನ್ನು ನಿಯಮದಲ್ಲೇ ಬರೆದಿಟ್ಟಿದ್ದಾರೆ.

ಹೆಸರಿನಲ್ಲಿರುವ ಅಡ್ಡಗೆರೆಗೂ ಅರ್ಥ ಇದೆ. 'ಇನ್‌ಪುಟ್-ಮೌಸ್-ಯುಎಸ್‌ಬಿ' ಇಲ್ಲದಿದ್ದರೆ 'ಇನ್‌ಪುಟ್-ಮೌಸ್' ಸಾಕು. ಯುಎಸ್‌ಬಿ ಮೌಸಿನ ಚಿತ್ರ ಇಲ್ಲ ಅಂತ ಖಾಲಿ ಚೌಕ ತೋರಿಸೋದಕ್ಕಿಂತ ಬರೀ ಮೌಸಿನ ಚಿತ್ರ ತೋರಿಸೋದು ಮೇಲಲ್ವಾ?

ಆ್ಯಪ್ ಬರೆಯುವವರಿಗೆ ನಾಲ್ಕು ಮಾತು

ಒಂದು: ನಿಮ್ಮ ಆ್ಯಪಿನ ಸ್ವಂತ ಐಕಾನ್‌ಗಳನ್ನು ಹೈಕಲರ್ ಫೋಲ್ಡರಿನಲ್ಲೇ ಇಡಿ. ಇನ್ಯಾರದೋ ಥೀಮಿನೊಳಗೆ ತುರುಕಬೇಡಿ. ಆ್ಯಪಿನ ಜೊತೆಗೇ ಕಟ್ಟಿ ಕಳಿಸುವ ಐಕಾನ್‌ಗಳನ್ನೂ ಜಿಟಿಕೆ ಹೈಕಲರ್‌ನ ಭಾಗ ಅಂತಲೇ ಎಣಿಸುತ್ತೆ.

ಎರಡು: ಸ್ವಂತ ಐಕಾನ್‌ಗೆ ನಿಮ್ಮ ಆ್ಯಪಿನ ಗುರುತನ್ನೇ ಮುಂದೆ ಸೇರಿಸಿ ಹೆಸರಿಡಿ. ಬರೀ 'ಮ್ಯಾಪ್' ಅಂತ ಇಟ್ಟರೆ, ಅದೇ ಹೆಸರಿನ ಬೇರೆ ಚಿತ್ರ ಬಳಕೆದಾರರ ಥೀಮಿನಲ್ಲಿದ್ದಾಗ ಅದೇ ಬರುತ್ತೆ. ಹೈಕಲರ್ ಸರತಿಯಲ್ಲಿ ಕೊನೆಯದು, ನೆನಪಿರಲಿ.

ಮೂರು: ಬಟನ್‌ಗಳಿಗೆ ಹೆಸರಿನ ಕೊನೆಯಲ್ಲಿ 'ಸಿಂಬಾಲಿಕ್' ಇರುವ ಒಂದೇ ಬಣ್ಣದ ಐಕಾನ್ ಬಳಸಿ. ಸುತ್ತಲಿನ ಅಕ್ಷರದ ಬಣ್ಣವನ್ನೇ ಅದು ತಾನೂ ತೊಡುತ್ತೆ. ಕಪ್ಪು ಹಿನ್ನೆಲೆಗೆ ಬದಲಾಯಿಸಿದರೆ ಐಕಾನ್ ತಾನಾಗಿಯೇ ಬಿಳಿಯಾಗುತ್ತೆ. ಕಣ್ಣು ಮಂಜಾಗಿರುವವರು ಗಾಢ ವ್ಯತ್ಯಾಸದ ಬಣ್ಣ ಆರಿಸಿಕೊಂಡಾಗ ಇದು ಶೋಕಿಯ ಮಾತಲ್ಲ, ಬಟನ್ ಕಾಣುತ್ತಾ ಇಲ್ವಾ ಅನ್ನೋ ಮಾತು.

ನಾಲ್ಕು: ಹೊಸ ಐಕಾನ್ ಹಾಕಿದ ಮೇಲೂ ಹಳೆಯದೇ ಕಾಣುತ್ತಿದ್ದರೆ ಕ್ಯಾಶ್ ನೋಡಿ. ವೇಗಕ್ಕಾಗಿ ಥೀಮ್ ಫೋಲ್ಡರಿನಲ್ಲಿ ಒಂದು ಪಟ್ಟಿ ಸಿದ್ಧವಾಗಿರುತ್ತೆ. ಹೊರಗಿನ ಫೋಲ್ಡರಿನ ಬದಲಾವಣೆಯ ಸಮಯ ನೋಡಿಯೇ ಜಿಟಿಕೆ ಆ ಪಟ್ಟಿ ಹಳೆಯದಾ ಅಂತ ಅಳೆಯುತ್ತೆ. ಒಳಫೋಲ್ಡರಿಗೆ ಫೈಲ್ ಸೇರಿಸಿದರೆ ಹೊರಗಿನ ಸಮಯ ಬದಲಾಗಲ್ಲ. ಪಟ್ಟಿಯನ್ನು ಮತ್ತೆ ಕಟ್ಟಿಸಬೇಕು. ಅದಕ್ಕೆಂದೇ ಜಿಟಿಕೆ ಜೊತೆ ಒಂದು ಪುಟ್ಟ ಸಾಧನ ಬರುತ್ತೆ.

ಜಗಳ ಎಲ್ಲಿದೆ?

2019ರಲ್ಲಿ ಜಿಟಿಕೆ ಆ್ಯಪ್ ಬರೆಯುವ ಹಲವರು ಸೇರಿ ಡಿಸ್ಟ್ರೋಗಳಿಗೆ ಬಹಿರಂಗ ಪತ್ರ ಬರೆದರು. ನಮ್ಮ ಆ್ಯಪ್‌ಗಳಿಗೆ ನಿಮ್ಮ ಥೀಮ್ ಹಾಕಿ ಹಂಚಬೇಡಿ ಅನ್ನೋದು ಅದರ ಸಾರ. ಐಕಾನ್ ಬದಲಾದರೆ ಆ್ಯಪಿನ ಗುರುತೂ ಹೋಗುತ್ತೆ, ಬಟನ್ನಿನ ಅರ್ಥವೂ ಕೆಡಬಹುದು, ದೂರು ಮಾತ್ರ ನಮ್ಮ ಬಾಗಿಲಿಗೆ ಬರುತ್ತೆ ಅನ್ನೋದು ಅವರ ವಾದ. ತಮ್ಮ ಸ್ವಂತ ಕಂಪ್ಯೂಟರಿನಲ್ಲಿ ಬದಲಾಯಿಸಿಕೊಳ್ಳುವವರ ಮೇಲೆ ತಕರಾರಿಲ್ಲ ಅಂತಲೂ ಅವರು ಹೇಳಿದ್ದರು.

ಈ ವಾದದಲ್ಲಿ ಅರ್ಧ ಸತ್ಯ ಇದೆ ಅನ್ನೋದು ನನ್ನ ಅಭಿಪ್ರಾಯ. ಅದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಚುನಾವಣೆಯ ಹೋಲಿಕೆ ಸಾಕು. 1968ರ ಚುನಾವಣಾ ಚಿಹ್ನೆಗಳ ಆದೇಶದ ಪ್ರಕಾರ ಮಾನ್ಯತೆ ಪಡೆದ ಪಕ್ಷದ ಚಿಹ್ನೆ ಅದಕ್ಕೇ ಮೀಸಲು. ಮತಗಟ್ಟೆಯಿಂದ ಮತಗಟ್ಟೆಗೆ ಆ ಚಿತ್ರ ಬದಲಾದರೆ ಮತದಾರರ ಗತಿ ಏನು? ಆ್ಯಪಿನ ಸ್ವಂತ ಐಕಾನ್ ಇಂಥದ್ದು. ಅದನ್ನು ಡಿಸ್ಟ್ರೋದವರು ಮುಟ್ಟಬಾರದು. ಆದರೆ 'ಉಳಿಸು', 'ಅಳಿಸು', 'ಹಿಂದಕ್ಕೆ' ಇವು ಯಾವ ಪಕ್ಷದ ಚಿಹ್ನೆಯೂ ಅಲ್ಲ. ಇವು ರಸ್ತೆಬದಿಯ ಸೂಚನಾ ಫಲಕಗಳು, ಸಾರ್ವಜನಿಕ ಆಸ್ತಿ. ಇವುಗಳ ಹೆಸರಿನ ಮೇಲೆ ಯಾವ ಒಂದು ಬಣಕ್ಕೂ ಹಕ್ಕು ಇರಬಾರದು.

ಆದರೆ ನಡೆದದ್ದು ಬೇರೆ. ಗ್ನೋಮ್‌ನ ಮೂಲ ಐಕಾನ್ ಥೀಮಿನ ಹೆಸರು 'ಅದ್ವೈತ', ಹೌದು, ಅದೇ ಸಂಸ್ಕೃತ ಪದ. ಬರಬರುತ್ತಾ ಈ ಥೀಮ್ ಗ್ನೋಮ್‌ನ ಸ್ವಂತ ಆ್ಯಪ್‌ಗಳಿಗೆ ಮಾತ್ರ ಮೀಸಲಾದ ಸಂಗ್ರಹ ಅಂತ ತನ್ನನ್ನೇ ಕರೆದುಕೊಂಡಿತು. ಒಪ್ಪಂದದ ಪಟ್ಟಿಯಲ್ಲಿದ್ದ ಹಳೆಯ ಐಕಾನ್‌ಗಳು ಬೇರೆ ಕಟ್ಟಿಗೆ ಹೋದವು. ಆ ಹೆಸರುಗಳನ್ನೇ ನಂಬಿದ್ದ ಹೊರಗಿನ ಆ್ಯಪ್‌ಗಳಲ್ಲಿ ಚಿತ್ರಗಳು ಕಾಣೆಯಾದವು. 2024ರ ಹೊತ್ತಿಗೆ ಗ್ನೋಮ್ ಮತ್ತು ಕೆಡಿಇ ಕಡೆಯವರ ನಡುವೆ ಇದು ಬಹಿರಂಗ ವಾಗ್ವಾದವೇ ಆಯಿತು. ತಮ್ಮ ಆ್ಯಪ್‌ಗಳು ಎಲ್ಲಿ ಓಡಿದರೂ ತಮ್ಮದೇ 'ಬ್ರೀಜ್' ಐಕಾನ್‌ಗಳನ್ನು ಬಳಸುವ ವ್ಯವಸ್ಥೆಯನ್ನು ಕೆಡಿಇಯವರು ಮಾಡಿಕೊಂಡರು. ಎರಡಿಲ್ಲ ಅನ್ನೋ ಹೆಸರಿನ ಥೀಮಿನ ಸುತ್ತಲೇ ಎರಡು ಬಣ!

ಗ್ನೋಮ್‌ನವರ ಕಷ್ಟ ನನಗೆ ಗೊತ್ತು. ಯಾರೂ ಬಳಸದ ನೂರಾರು ಐಕಾನ್‌ಗಳನ್ನು ಸ್ವಯಂಸೇವಕರು ವರ್ಷಗಟ್ಟಲೆ ಬಿಡಿಸುತ್ತಲೇ ಇರಲಾಗದು. ಆದರೆ ಆಸ್ತಿ ಎಲ್ಲರದ್ದಾದ ಮೇಲೆ, ಪಾಲಿಸಲು ಕಷ್ಟವಾದರೆ ಕೂತು ಪಟ್ಟಿ ತಿದ್ದಬೇಕು. ಬೇಲಿ ಹಾಕಿಕೊಳ್ಳೋದು ಪರಿಹಾರವಲ್ಲ. ಹಾಗೆ ಮಾಡಿದಾಗ ಪೆಟ್ಟು ಬೀಳೋದು ದೊಡ್ಡ ಯೋಜನೆಗಳಿಗಲ್ಲ, ಸ್ವಂತ ಚಿತ್ರಕಾರರಿಲ್ಲದ ಒಬ್ಬಿಬ್ಬರ ಪುಟ್ಟ ಆ್ಯಪ್‌ಗಳಿಗೆ.

ಕನ್ನಡದ ಜಾಗ

ಡೆಸ್ಕ್‌ಟಾಪಿನ ಪದಗಳನ್ನು ಕನ್ನಡಕ್ಕೆ ತರಲು ಅನುವಾದದ ಫೈಲ್‌ಗಳಿವೆ. ಚಿತ್ರಗಳಿಗೆ ಆ ಸೌಲಭ್ಯ ಇಲ್ಲ. 'ಇಂಡೆಕ್ಸ್.ಥೀಮ್'ನಲ್ಲಿ ಥೀಮಿನ ಹೆಸರನ್ನು ಕನ್ನಡದಲ್ಲಿ ಬರೆಯಬಹುದು, ಅಷ್ಟೇ. ಐಕಾನನ್ನು ಭಾಷೆಗೆ ತಕ್ಕಂತೆ ಬದಲಿಸುವ ದಾರಿ ಜಿಟಿಕೆಯಲ್ಲಿಲ್ಲ. ಉರ್ದು, ಅರೇಬಿಕ್‌ನಂತೆ ಬಲದಿಂದ ಎಡಕ್ಕೆ ಓದುವವರಿಗೆ ಬಾಣದ ದಿಕ್ಕು ತಿರುಗಿಸಿದ ಐಕಾನನ್ನು ಜಿಟಿಕೆ ಹುಡುಕಿ ಕೊಡುತ್ತೆ. ದಿಕ್ಕಿಗೆ ಮನ್ನಣೆ ಸಿಕ್ಕಿದೆ, ಲಿಪಿಗೆ ಸಿಕ್ಕಿಲ್ಲ. ಅದಕ್ಕೇ 'ದಪ್ಪಕ್ಷರ' ಬಟನ್ ಮೇಲೆ ಇವತ್ತಿಗೂ ಇಂಗ್ಲಿಷಿನ 'ಬಿ' ಕೂತಿದೆ. ಇದು ಆಗದ ಕೆಲಸವೇನಲ್ಲ. ಲಿಬ್ರೆಆಫೀಸ್ ತನ್ನದೇ ವ್ಯವಸ್ಥೆಯಲ್ಲಿ ಜರ್ಮನ್, ರಷ್ಯನ್ ಮುಂತಾದ ಭಾಷೆಗಳಿಗೆ ಬೇರೆ ಅಕ್ಷರದ ಐಕಾನ್ ಕೊಡುತ್ತೆ.

ಇದು ಬದಲಾಗುವವರೆಗೆ ಕಾಯಬೇಕಿಲ್ಲ. ನಿಮ್ಮ ಸ್ವಂತ ಐಕಾನ್‌ಗಳಲ್ಲಿ ಅಕ್ಷರ ಬಳಸಬೇಡಿ. ಐಕಾನ್ ಮಾತ್ರ ಇರುವ ಪ್ರತಿ ಬಟನ್‌ಗೂ ಅನುವಾದಿಸಬಹುದಾದ ವಿವರ ಮತ್ತು ಲೇಬಲ್ ಕೊಡಿ. ಓರ್ಕಾದಂಥ ಪರದೆ ಓದುವ ತಂತ್ರಾಂಶಕ್ಕೆ ಚಿತ್ರ ಕಾಣಲ್ಲ. ಲೇಬಲ್ ಇಲ್ಲದಿದ್ದರೆ ಅದು 'ಬಟನ್' ಅಂತಷ್ಟೇ ಹೇಳಿ ಮುಂದೆ ಹೋಗುತ್ತೆ. ಕಣ್ಣು ಕಾಣದ ಬಳಕೆದಾರರಿಗೆ ಅದು ಬಾಗಿಲು ಮುಚ್ಚಿದಂತೆಯೇ.

ಫ್ರೀಡೆಸ್ಕ್‌ಟಾಪ್‌ನ ಈ ಒಪ್ಪಂದಗಳು ಬಹಿರಂಗ ದಾಖಲೆಗಳು. ತಿದ್ದುಪಡಿ ಸೂಚಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಲಿಪಿಗೊಂದು ದಾರಿ ಬೇಕು ಅಂತ ಕೇಳಬೇಕಾದವರು ಕನ್ನಡ, ತಮಿಳು, ಬಂಗಾಳಿ ಬಳಸುವ ನಾವೇ. ನಾವು ಕೇಳದಿದ್ದರೆ ಆ 'ಬಿ' ಅಲ್ಲೇ ಕೂತಿರುತ್ತೆ.