ಗೋಡೆಯೊಳಗಿನ ತಂತಿ

ಕನ್ನಡದಲ್ಲಿ ‘ತಂತಿ’ ಎಂಬ ಮಾತು ಬಹಳ ದೂರ ನಡೆದು ಬಂದಿದೆ. ಮೊದಲು ಅದು ವೀಣೆಯ ತಂತಿ, ಮೀಟಿದರೆ ನಾದ. ಆಮೇಲೆ ಅದು ಅಂಚೆ ಕಚೇರಿಯ ತಂತಿಯಾಯಿತು. ‘ತಂತಿ ಬಂತು’ ಎಂದೊಡನೆ ಮನೆಯ ಹೆಂಗಸರು ಕಾಗದ ಒಡೆಯುವ ಮೊದಲೇ ಕಣ್ಣಿಗೆ ಸೆರಗು ಹಚ್ಚುತ್ತಿದ್ದರು. ೨೦೧೩ರ ಜುಲೈ ತಿಂಗಳಲ್ಲಿ ಆ ತಂತಿ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗ ನಮ್ಮ ಮನೆಮನೆಗಳಲ್ಲಿ ಉಳಿದಿರುವುದು ಮೂರನೆಯದು, ವಿದ್ಯುತ್ತಿನ ತಂತಿ.

ಇದರ ಹಣೆಬರಹವೇ ವಿಚಿತ್ರ. ದೀಪ ಬೇಕು, ಪಂಖ ಬೇಕು, ದೂರದವರ ಮಾತೂ ಚಿತ್ರವೂ ಬೇಕು. ಇವೆಲ್ಲವನ್ನೂ ಹೊತ್ತು ತರುವ ತಂತಿ ಮಾತ್ರ ಕಣ್ಣಿಗೆ ಬೀಳಬಾರದು. ಇದು ನಮ್ಮ ಕಾಲದ ಚಪಲವೆಂದು ಯಾರಾದರೂ ಭಾವಿಸಿದರೆ ತಪ್ಪು. ಆ ಆಸೆ ಮನೆಯೊಳಗಿನ ವಿದ್ಯುದ್ದೀಪದಷ್ಟೇ ಹಳೆಯದು. ಅದರ ಚರಿತ್ರೆಯನ್ನು ಸ್ವಲ್ಪ ನೋಡಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ತಂತಿಯನ್ನು ಮರೆಮಾಡುವುದು ಬೇರೆ, ಒಪ್ಪಮಾಡುವುದು ಬೇರೆ. ಇವೆರಡನ್ನೂ ಒಂದೇ ಎಂದು ತಿಳಿದುದರಿಂದ ಎಷ್ಟೋ ಮನೆಗಳಿಗೆ ಬೆಂಕಿ ಬಿದ್ದಿದೆ, ಪ್ರಾಣಗಳೂ ಹೋಗಿವೆ.

ಇಂಗ್ಲೆಂಡಿನ ಉತ್ತರದಲ್ಲಿ ಕ್ರಾಗ್‌ಸೈಡ್ ಎಂಬ ಬಂಗಲೆಯಿದೆ. ಫಿರಂಗಿಗಳನ್ನೂ ನೀರಿನೊತ್ತಡದ ಯಂತ್ರಗಳನ್ನೂ ಮಾಡಿ ಹೆಸರಾಗಿದ್ದ ವಿಲಿಯಂ ಆರ್ಮ್‌ಸ್ಟ್ರಾಂಗ್ ಅದರ ಯಜಮಾನ. ೧೮೮೦ರಲ್ಲಿ ಆತ ಜೋಸೆಫ್ ಸ್ವಾನ್ ತಯಾರಿಸಿದ ದೀಪಗಳನ್ನು ತನ್ನ ಮನೆಯಲ್ಲಿ ಹಾಕಿಸಿದ; ವಿದ್ಯುತ್ತು ಅಲ್ಲಿಯದೇ ತೊರೆಯ ನೀರಿನಿಂದ ಬರುತ್ತಿತ್ತು. ಗ್ರಂಥಾಲಯದ ಕೆಲವು ದೀಪಗಳನ್ನು ಮೀನಾಕಾರಿ ಕೆಲಸದ ತಾಮ್ರದ ಹೂದಾನಿಗಳ ಮೇಲೆ ಕೂರಿಸಿದ್ದರು. ಹೂದಾನಿಯ ತಳದಲ್ಲಿ ಪಾದರಸದ ಪುಟ್ಟ ಬಟ್ಟಲು; ಹೂದಾನಿಯ ಒಳಗಿನಿಂದ ಇಳಿದ ತಂತಿಯ ತುದಿ ಅದರಲ್ಲಿ ಅದ್ದಿಕೊಳ್ಳುತ್ತಿತ್ತು. ಮರಳುವ ವಿದ್ಯುತ್ತಿಗೆ ಹೂದಾನಿಯ ತಾಮ್ರವೇ ದಾರಿ. ದೀಪ ಆರಿಸಬೇಕಾದರೆ ಹೂದಾನಿಯನ್ನು ಎತ್ತಿಡಬೇಕು. ಹಚ್ಚಬೇಕಾದರೆ ಮತ್ತೆ ಕೂರಿಸಬೇಕು. ನೋಡುವವರಿಗೆ ತಂತಿಯೇ ಇಲ್ಲ! ಅಂದ ನಿಜ, ಆದರೆ ವಿದ್ಯುತ್ತು ಹರಿಯುವ ಪಾತ್ರೆಯನ್ನು ಬರಿಗೈಯಿಂದ ಮುಟ್ಟುವ ಏರ್ಪಾಟನ್ನು ಇಂದು ಯಾವ ಕೆಲಸಗಾರನೂ ಒಪ್ಪಲಾರ.

ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಲಾರ್ಡ್ ಸಾಲಿಸ್‌ಬರಿಯ ಹ್ಯಾಟ್‌ಫೀಲ್ಡ್ ಅರಮನೆಯ ಕಥೆ ಬೇರೆ ಬಗೆಯದು. ಆತನಿಗೆ ವಿಜ್ಞಾನದ ಹುಚ್ಚು. ೧೮೮೧ರ ಸುಮಾರಿಗೆ ತಾನೇ ಮುಂದೆ ನಿಂತು ದೀಪ ಹಾಕಿಸಿದ. ಒಂದು ರಾತ್ರಿ ಊಟ ಮುಗಿಸಿ ಅತಿಥಿಗಳು ಉದ್ದನೆಯ ಹಜಾರಕ್ಕೆ ಬಂದಾಗ, ಸೂರಿನ ಬಳಿಯ ಕೆತ್ತನೆಯ ಮರ ಕಾದ ತಂತಿಯ ಸೋಂಕಿನಿಂದ ಉರಿಯುತ್ತಿತ್ತು. ಯುವಕರು ಸೋಫಾದ ದಿಂಬುಗಳನ್ನು ಗುರಿಯಿಟ್ಟು ಎಸೆದೆಸೆದು ಬೆಂಕಿ ಆರಿಸಿದರಂತೆ. ಆ ಮನೆಯವರು ಇದನ್ನು ನಗುತ್ತ ಹೇಳಿಕೊಳ್ಳುತ್ತಿದ್ದರು. ಅದೇ ಎಸ್ಟೇಟಿನಲ್ಲಿ ತಂತಿ ಮುಟ್ಟಿ ಒಬ್ಬ ತೋಟದ ಕೆಲಸಗಾರ ಸತ್ತ ಸಂಗತಿಯಲ್ಲಿ ನಗುವಂತಹುದು ಏನೂ ಇರಲಿಲ್ಲ.

ಅಮೆರಿಕೆಯಲ್ಲಿ ಎಡಿಸನ್ ೧೮೮೨ರ ಸೆಪ್ಟೆಂಬರ್ ೪ರಂದು ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ತನ್ನ ವಿದ್ಯುದಾಗಾರವನ್ನು ತೆರೆದ. ಆ ನಗರದ ಬೀದಿಗಳ ಮೇಲೆ ಆಗಲೇ ಟೆಲಿಗ್ರಾಫಿನ ತಂತಿಗಳು ಜೇಡನ ಬಲೆಯಂತೆ ಹರಡಿದ್ದುವು. ಎಡಿಸನ್ ತನ್ನ ತಂತಿಗಳನ್ನು ಕಬ್ಬಿಣದ ಕೊಳವೆಗಳಲ್ಲಿಟ್ಟು ನೆಲದಡಿ ಹೂಳಿಸಿದ. ಬೀದಿಯಲ್ಲಿ ಈ ವಿವೇಕ ತೋರಿದರೂ ಮನೆಯೊಳಗಿನ ಸಮಸ್ಯೆ ಬಗೆಹರಿದಿರಲಿಲ್ಲ. ಹಣಕಾಸಿನ ದೊರೆ ಜೆ. ಪಿ. ಮಾರ್ಗನ್ ತನ್ನ ಮನೆಗೆ ಅದೇ ವರ್ಷ ದೀಪ ಹಾಕಿಸಿಕೊಂಡ. ಆತನ ಓದುವ ಕೋಣೆಯ ಮೇಜಿಗೆ ದೀಪ ತರಲು ಮಾಡಿದ ಏರ್ಪಾಟಿನಿಂದ ಬೆಂಕಿ ಹತ್ತಿ ಮೇಜೂ ರತ್ನಗಂಬಳಿಯೂ ಸುಟ್ಟುವು. ಮಾರ್ಗನ್ ಧೈರ್ಯಗೆಡದೆ ಮತ್ತೆ ಹಾಕಿಸಿದ. ಬಡವನ ಮನೆಗೆ ಹಾಗೆ ಆಗಿದ್ದರೆ ಎರಡನೆಯ ಸಲದ ಮಾತೇ ಇರುತ್ತಿರಲಿಲ್ಲ.

ಹೀಗೇಕೆ ಆಗುತ್ತಿತ್ತು? ಆಗಿನವರ ಬಳಿಯಿದ್ದ ಹೊದಿಕೆಗಳೆಂದರೆ ಹತ್ತಿಯ ನೂಲು, ಮೇಣ, ಗಟ್ಟಾಪರ್ಚಾ ಎಂಬ ಮರದ ಹಾಲು, ಗಂಧಕ ಬೆರೆಸಿ ಕಾಸಿದ ರಬ್ಬರು. ನೂಲು ತೇವ ಹೀರುತ್ತದೆ. ರಬ್ಬರು ಕೆಲವು ದಶಕಗಳಲ್ಲಿ ಒಣಗಿ ಸಿಪ್ಪೆಯೇಳುತ್ತದೆ. ಉಳಿದುದನ್ನು ಇಲಿ ನೋಡಿಕೊಳ್ಳುತ್ತದೆ. ತಂತಿಯ ಅಳತೆಗೆ ಮೀರಿ ವಿದ್ಯುತ್ತು ಹರಿದರೆ ಅದು ಕಾಯುತ್ತದೆ. ಸುತ್ತ ಗಾಳಿಯಾಡದಿದ್ದರೆ ಆ ಕಾವು ಹೊರಹೋಗುವುದಿಲ್ಲ. ಮರೆಮಾಡಿದ ತಂತಿಯ ಮೊದಲ ಶತ್ರು ಇದೇ. ಆದುದರಿಂದಲೇ ೧೮೮೨ರಲ್ಲಿ ಲಂಡನ್ನಿನ ಟೆಲಿಗ್ರಾಫ್ ಎಂಜಿನಿಯರುಗಳ ಸಂಘ ಬೆಂಕಿಯ ಅಪಾಯ ತಡೆಯುವ ನಿಯಮಾವಳಿಯನ್ನು ಹೊರಡಿಸಿತು. ಅಮೆರಿಕೆಯ ರಾಷ್ಟ್ರೀಯ ವಿದ್ಯುತ್ ಸಂಹಿತೆ ಬಂದುದು ೧೮೯೭ರಲ್ಲಿ.

ನಿಯಮಗಳ ಜೊತೆಗೆ ಮೂರು ಉಪಾಯಗಳು ಬೆಳೆದುವು. ಒಂದು, ಮರದ ಪಟ್ಟಿ. ಪಟ್ಟಿಯಲ್ಲಿ ಎರಡು ಸಾಲು ತೋಡಿ, ಹೋಗುವ ತಂತಿಯನ್ನೊಂದರಲ್ಲಿ ಬರುವ ತಂತಿಯನ್ನೊಂದರಲ್ಲಿ ಮಲಗಿಸಿ, ಮೇಲೆ ಮರದ ಮುಚ್ಚಳವನ್ನು ತಿರುಪಿನಿಂದ ಬಿಗಿಯುವುದು. ಇದನ್ನೇ ನಮ್ಮ ಕೆಲಸಗಾರರು ‘ಕೇಸಿಂಗ್ ಕ್ಯಾಪಿಂಗ್’ ಎನ್ನುವುದು. ಎರಡನೆಯದು, ಅಮೆರಿಕೆಯ ಮರದ ಮನೆಗಳಲ್ಲಿ ನಡೆದ ಕ್ರಮ: ಗೋಡೆಯ ಟೊಳ್ಳಿನೊಳಗೆ ಪಿಂಗಾಣಿಯ ಗುಬುಟುಗಳ ಮೇಲೆ ತಂತಿಯನ್ನು ಗಾಳಿಯಲ್ಲೇ ನಡೆಸಿ, ತೊಲೆ ದಾಟುವಲ್ಲಿ ಪಿಂಗಾಣಿಯ ನಳಿಕೆ ತೂರಿಸುವುದು. ಮೂರನೆಯದು, ಕೊಳವೆ. ಮೊದಲು ಡಾಂಬರು ಹಚ್ಚಿದ ಕಾಗದದ್ದು, ಬಳಿಕ ಉಕ್ಕಿನದು. ಈ ಮೂರನೆಯದರಲ್ಲಿ ಒಂದು ದೊಡ್ಡ ವಿಚಾರ ಅಡಗಿತ್ತು. ಕೊಳವೆ ಗೋಡೆಯೊಳಗೆ ಉಳಿಯುತ್ತದೆ. ತಂತಿ ಹಳತಾದರೆ ಅದನ್ನು ಎಳೆದು ಹೊರತೆಗೆದು ಹೊಸದನ್ನು ತೂರಿಸಬಹುದು. ಅಡಗಿದೆ, ಆದರೆ ಕೈಗೆ ಸಿಗುತ್ತದೆ. ಒಪ್ಪವೆಂದರೆ ಇದು.

ಇನ್ನು ನಮ್ಮ ನಾಡಿಗೆ ಬರೋಣ. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ತೊಂಬತ್ತೆರಡು ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿಗೂ ೧೯೦೮ರಲ್ಲಿ ಮೈಸೂರಿಗೂ ಬಂದಿತು. ಗಣಿಗೆ ಬಂದ ವಿದ್ಯುತ್ತಿಗೆ ಯಂತ್ರ ಕಾದಿತ್ತು. ಮನೆಗೆ ಬಂದ ವಿದ್ಯುತ್ತಿಗೆ ಕಾದಿದ್ದುದು ಮಣ್ಣಿನ ಗೋಡೆ, ಮರದ ಕಂಬ, ಸುಣ್ಣಗಾರೆ. ಒಂದೂವರೆ ಅಡಿ ದಪ್ಪದ ಮಣ್ಣುಗೋಡೆಯನ್ನು ಕೊರೆದು ಕೊಳವೆ ಹೂಳುವುದೆಂದರೆ ಗೋಡೆಯನ್ನೇ ಸಡಿಲಿಸಿದಂತೆ. ಹೀಗಾಗಿ ನಮ್ಮಲ್ಲಿ ತಂತಿ ಹೊರಗೇ ಉಳಿಯಿತು. ಮೊದಲು ಮುಚ್ಚಳದ ಪಟ್ಟಿ, ಆಮೇಲೆ ತೇಗದ ಬರಿಯ ರೀಪು. ಅದರ ಮೇಲೆ ರಬ್ಬರು ಕವಚದ ತಂತಿ, ಗೇಣಿಗೊಂದರಂತೆ ತಗಡಿನ ಹಿಡಿಕೆ, ಮರದ ಗುಂಡುಬಿಲ್ಲೆ, ಅದರ ಮೇಲೆ ಕಂದು ಬಣ್ಣದ ಬೇಕಲೈಟ್ ಸ್ವಿಚ್ಚು.

ನಾನು ಹುಟ್ಟಿ ಬೆಳೆದುದು ಅಂತಹದೊಂದು ಮನೆಯಲ್ಲಿ. ದೀಪ ಹತ್ತದಿದ್ದರೆ ಬರುತ್ತಿದ್ದ ಮುದುಕ ಕೆಲಸಗಾರ ಚೀಲವನ್ನು ಕೂಡಲೇ ಬಿಚ್ಚುತ್ತಿರಲಿಲ್ಲ. ನಡುಮನೆಯಲ್ಲಿ ನಿಂತು, ಕತ್ತೆತ್ತಿ, ಮೀಟರಿನಿಂದ ಹೊರಟ ಪಟ್ಟಿಯನ್ನು ಕಣ್ಣಿನಿಂದಲೇ ಹಿಂಬಾಲಿಸಿಕೊಂಡು ಹೋಗುತ್ತಿದ್ದ. ಎಲ್ಲಿ ಕವಲು, ಎಲ್ಲಿ ಗಂಟು, ಎಲ್ಲಿ ಮಳೆನೀರು ಇಳಿದಿದೆ ಎಂಬುದೆಲ್ಲ ಗೋಡೆಯ ಮೇಲೆ ಬರೆದಿಟ್ಟಂತೆ ಇರುತ್ತಿತ್ತು. ಮನೆಯ ಹುಡುಗರಿಗೂ ಆ ದಾರಿ ಗೊತ್ತಿತ್ತು. ಪಟ್ಟಿಯ ಮೇಲೆ ಜೇಡ ಬಲೆ ಕಟ್ಟುತ್ತಿತ್ತು, ಸುಣ್ಣ ಬಳಿಯುವಾಗ ಅದೂ ಬಳಿಸಿಕೊಳ್ಳುತ್ತಿತ್ತು. ಅಂದವಿರಲಿಲ್ಲ ನಿಜ, ಗುಟ್ಟೂ ಇರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ರಬ್ಬರು ದುರ್ಲಭವಾದಾಗ ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕು ತಂತಿಯ ಹೊದಿಕೆಯಾಗಿ ಮುಂದೆ ಬಂದಿತು. ಅದು ರಬ್ಬರಿಗಿಂತ ಹೆಚ್ಚು ಕಾಲ ಬಾಳುವುದು, ತೇವಕ್ಕೆ ಜಗ್ಗದು. ನಮ್ಮಲ್ಲಿ ಸಿಮೆಂಟಿನ ತಾರಸಿ ಮನೆಗಳು ಹೆಚ್ಚಿದಂತೆ, ಕಾಂಕ್ರೀಟು ಸುರಿಯುವ ಮೊದಲೇ ಕೊಳವೆಗಳನ್ನು ಹಾಸಿ, ಇಟ್ಟಿಗೆಯ ಗೋಡೆಯಲ್ಲಿ ಗಾಡಿ ಕೊರೆದು, ಎಲ್ಲವನ್ನೂ ಗಿಲಾವಿನ ಕೆಳಗೆ ಮುಚ್ಚುವುದು ರೂಢಿಯಾಯಿತು. ‘ಕನ್ಸೀಲ್ಡ್ ವೈರಿಂಗ್’ ಇದೆಯೆಂದರೆ ಬಾಡಿಗೆಗೂ ಒಂದು ತೂಕ, ಹೆಣ್ಣು ನೋಡಲು ಬಂದವರ ಮುಂದೆ ಮನೆಗೂ ಒಂದು ಗೌರವ. ನನ್ನ ತಂದೆಯೂ ಹಳೆಯ ಮನೆಯನ್ನು ಕೆಡವಿ ಕಟ್ಟಿಸಿದಾಗ ಹಾಗೆಯೇ ಮಾಡಿಸಿದರು. ತೇಗದ ರೀಪುಗಳು ಬಚ್ಚಲ ಒಲೆಗೆ ಹೋದುವು.

ಅಡಗಿದ ತಂತಿಗೆ ಒಂದು ಧರ್ಮವಿದೆ: ಸ್ವಿಚ್ಚಿನಿಂದ ಅದು ನೆಟ್ಟಗೆ ಮೇಲಕ್ಕೆ ಹೋಗಬೇಕು, ಇಲ್ಲವೇ ನೆಟ್ಟಗೆ ಪಕ್ಕಕ್ಕೆ. ಆಗ ಕಾಣದಿದ್ದರೂ ಊಹಿಸಬಹುದು. ನಾಲ್ಕು ಅಡಿ ತಂತಿ ಉಳಿಯಲೆಂದು ಕರ್ಣರೇಖೆಯಲ್ಲಿ ಎಳೆದರೆ ಊಹೆಗೆ ನೆಲೆಯಿಲ್ಲ. ನಮ್ಮ ಮನೆಯಲ್ಲಿ ಎಲ್ಲೋ ಒಂದೆಡೆ ಹಾಗೆ ಎಳೆದಿದ್ದರೆಂಬುದು ನಮಗೆ ಗೊತ್ತಾದುದು ತಂದೆಯ ಭಾವಚಿತ್ರ ತೂಗುಹಾಕುವ ದಿನ. ಮೊಳೆ ಹೊಡೆಯುತ್ತಿದ್ದ ಬಡಗಿ ಸ್ಟೂಲಿನಿಂದ ಹಿಂದಕ್ಕೆ ಬಿದ್ದ. ಹೆಬ್ಬೆರಳು ಕಪ್ಪಾಗಿತ್ತು, ಸುತ್ತಿಗೆ ಕೋಣೆಯ ಆಚೆ ತುದಿಯಲ್ಲಿತ್ತು. ಆತ ಬದುಕಿಕೊಂಡ. ಸುದೈವ, ಅಷ್ಟೆ. ತಂತಿ ಎಳೆದಿದ್ದ ಕೆಲಸಗಾರ ತೀರಿಕೊಂಡು ಎರಡು ವರ್ಷಗಳಾಗಿದ್ದುವು. ಮನೆಯ ನಕ್ಷೆಯಿತ್ತು, ತಂತಿಯ ನಕ್ಷೆಯಿರಲಿಲ್ಲ. ಹೊಸಬ ಬಂದು ಗೋಡೆಯನ್ನು ನಾಲ್ಕು ಕಡೆ ಒಡೆದು ನೋಡಿದ. ಒಂದೆಡೆ ಗಿಲಾವಿನ ಕೆಳಗೆ, ಕೊಳವೆಯೂ ಇಲ್ಲದೆ, ಬರಿಯ ಗಂಟೊಂದು ಟೇಪು ಸುತ್ತಿಕೊಂಡು ಮಲಗಿತ್ತು. ಅದನ್ನು ಅಷ್ಟು ವರ್ಷ ತಲೆಯ ಬಳಿ ಇಟ್ಟುಕೊಂಡು ನಾವು ನಿದ್ರಿಸಿದ್ದೆವು.

ಈಗ ಚರಿತ್ರೆ ಒಂದು ಸುತ್ತು ತಿರುಗಿದೆ. ಗೋಡೆಯೊಳಗೆ ಹೋದ ತಂತಿ ಮತ್ತೆ ಹೊರಗೆ ಬಂದಿದೆ. ಟೆಲಿವಿಷನ್ನು, ಇನ್ವರ್ಟರು, ಅಂತರಜಾಲದ ಪೆಟ್ಟಿಗೆ, ಮನೆಮಂದಿಗೊಂದೊಂದು ಚಾರ್ಜರು. ಇವು ಬರುತ್ತವೆಂದು ಮನೆ ಕಟ್ಟಿದವರು ಕನಸು ಕಂಡಿರಲಿಲ್ಲ. ಆದುದರಿಂದ ಗೋಡೆಯ ಮೇಲೆ ಮತ್ತೆ ಪಟ್ಟಿ ಬಂದಿದೆ. ಮರದ ಬದಲು ಬಿಳಿಯ ಪ್ಲಾಸ್ಟಿಕ್ಕು, ತಿರುಪಿನ ಬದಲು ಒತ್ತಿದರೆ ಕೂರುವ ಮುಚ್ಚಳ. ಹೆಸರು ಮಾತ್ರ ಅದೇ ಕೇಸಿಂಗ್ ಕ್ಯಾಪಿಂಗ್. ಮುತ್ತಜ್ಜನ ಕಾಲದ ಈ ಉಪಾಯದ ಬಗ್ಗೆ ನಾಚಿಕೆಪಡಬೇಕಾದುದಿಲ್ಲ. ಮುಚ್ಚಳ ತೆಗೆದರೆ ತಂತಿ ಸಿಗುತ್ತದೆ.

ನಾಚಬೇಕಾದುದು ಬೇರೆಯದಕ್ಕೆ. ಬೀರುವಿನ ಹಿಂದೆ ಗಂಟುಗಂಟಾಗಿ ತುರುಕಿ ಮೇಲೊಂದು ಕಸೂತಿಯ ಬಟ್ಟೆ ಹೊದಿಸುವುದು. ಎಕ್ಸ್‌ಟೆನ್ಷನ್ ತಂತಿಯನ್ನು ಸುರುಳಿಯಲ್ಲೇ ಬಿಟ್ಟು ಅದಕ್ಕೆ ನೀರು ಕಾಸುವ ಸಾಧನ ಸಿಕ್ಕಿಸುವುದು. ಕಾಲಿಗೆ ತೊಡರುತ್ತದೆಂದು ಜಮಖಾನದ ಕೆಳಗೆ ಹಾಸುವುದು. ಸುರುಳಿಯಲ್ಲಿ ಕಾವು ಹೊರಹೋಗದು. ಜಮಖಾನದ ಕೆಳಗೆ ಹೊದಿಕೆ ಸವೆದರೆ ಕಾಣದು. ಮಾರ್ಗನ್ನನ ರತ್ನಗಂಬಳಿ ಸುಟ್ಟು ನೂರನಲವತ್ತು ವರ್ಷಗಳು ಕಳೆದ ಮೇಲೂ ನಾವು ಕಲಿಯಬೇಕಾದ ಪಾಠ ಅಲ್ಲಿಯೇ ನಿಂತಿದೆ.

ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ. ಗಿಲಾವು ಮಾಡುವ ಮೊದಲು ಪ್ರತಿಯೊಂದು ಗೋಡೆಯ ಛಾಯಾಚಿತ್ರ ತೆಗೆದಿಡಬೇಕು. ಪ್ರತಿ ತಂತಿಯ ಎರಡು ತುದಿಗಳಿಗೂ ಹೆಸರಿನ ಚೀಟಿ ಕಟ್ಟಬೇಕು. ಗಂಟು ಹಾಕುವುದಿದ್ದರೆ ತೆರೆದು ನೋಡಬಹುದಾದ ಪೆಟ್ಟಿಗೆಯಲ್ಲಿ ಹಾಕಬೇಕು. ವಿದ್ಯುತ್ತು ದಾರಿ ತಪ್ಪಿ ಸೋರಿದೊಡನೆ ತಾನೇ ಕಡಿದುಕೊಳ್ಳುವ ಸ್ವಿಚ್ಚನ್ನು ಮೀಟರಿನ ಬಳಿ ಕೂರಿಸಬೇಕು. ನಮ್ಮ ಬಡಗಿಯ ಹೆಬ್ಬೆರಳನ್ನು ಅದು ಉಳಿಸಬಹುದಿತ್ತು.

ಒಡೆದ ಗೋಡೆಯನ್ನು ಮುಚ್ಚುವ ಮೊದಲು ಹೊಸ ತಂತಿಯ ದಾರಿಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ನೆಲದಿಂದ ಎಷ್ಟು ಅಡಿ, ಬಾಗಿಲಿನಿಂದ ಎಷ್ಟು ಅಡಿ ಎಂದು ಆ ಬಡಗಿಯೇ ಅಳತೆ ಹಿಡಿದು ಹೇಳಿದ. ಹಾಳೆ ಈಗ ಮನೆಯ ಕ್ರಯಪತ್ರದ ಜೊತೆಗಿದೆ. ಮುಂದೆ ಈ ಮನೆ ಯಾರ ಪಾಲಾಗುವುದೋ, ಆ ಗೋಡೆಗೆ ಯಾರು ಮೊಳೆ ಹೊಡೆಯುವರೋ ನಾನು ಕಾಣೆ. ಹೊಡೆಯುವ ಮೊದಲು ಅದನ್ನೊಮ್ಮೆ ನೋಡಲಿ.